ಇಡ್ಲಿ ಕೊಪ್ಪರಿಗೆಯಲ್ಲಿ ಇಂಜಿನ್

ಕಬ್ಬಿಣ ಕಾಯುವಾಗ ಹೇಳಿ ಕಾಯುತ್ತದೆ. ಮೊದಲು ನೀಲಿ, ಆಮೇಲೆ ಕೆಂಪು, ಆಮೇಲೆ ಹಳದಿ. ಸಾಕು ನಿಲ್ಲಿಸು ಎಂದು ಬಣ್ಣದಲ್ಲೇ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಬೆಂಕಿ ಹಿಡಿದರೆ ಬೆಳ್ಳಗೇ ಇರುತ್ತದೆ, ಇನ್ನೂ ಬೆಳ್ಳಗೇ ಇರುತ್ತದೆ, ಇದ್ದಕ್ಕಿದ್ದಂತೆ ನೀರು ಬಿದ್ದ ಬೆಲ್ಲದ ಅಚ್ಚಿನ ಹಾಗೆ ಕುಸಿದು ಕೂರುತ್ತದೆ. ಮೋಟಾರ್ ಸೈಕಲ್ ರಿಪೇರಿಗೆ ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಹೇಳುವ ಮಾತು ಇದು. ಅವರು ತಲೆಯಾಡಿಸಿ ಫೋನು ನೋಡುತ್ತಾರೆ. ನೋಡಲಿ. ಒಂದು ದಿನ ಅವರ ಕೈಯಲ್ಲೂ ಒಂದು ಇಂಜಿನ್ನು ಕುಸಿಯುತ್ತದೆ, ಆವತ್ತು ನೆನಪಾಗುತ್ತದೆ.

ನಾನು ಹುಟ್ಟಿದ್ದು ಕುಂದಾಪುರದ ಹತ್ತಿರ. ಐವತ್ತರ ದಶಕದಲ್ಲಿ ಮೀಸೆ ಚಿಗುರುವ ವಯಸ್ಸಿನಲ್ಲಿ ಮದ್ರಾಸಿಗೆ ಬಂದೆ. ರಾಯಪೇಟೆಯಲ್ಲಿ ನನ್ನ ಸೋದರಮಾವನ ಹೋಟೆಲಿತ್ತು. ನಮ್ಮ ಊರ ಕಡೆಯ ಹುಡುಗರೆಲ್ಲ ಮಾಡುವಂತೆ ನಾನೂ ಮೊದಲು ಲೋಟ ತೊಳೆದೆ, ಆಮೇಲೆ ಟೇಬಲ್ಲಿಗೆ ಬಂದೆ. ಆದರೆ ಹೋಟೆಲಿನ ಮುಂದೆ ಮೋಟಾರ್ ಸೈಕಲ್ ಬಂದು ನಿಂತರೆ ನನ್ನ ಕೈಯಲ್ಲಿದ್ದ ಸಾಂಬಾರಿನ ಸೌಟು ಗಾಳಿಯಲ್ಲೇ ನಿಲ್ಲುತ್ತಿತ್ತು. ಇಂಜಿನ್ ನಿಲ್ಲಿಸಿದ ಮೇಲೆ ಅದು ಟಿಕ್ ಟಿಕ್ ಎಂದು ತಣಿಯುವ ಸದ್ದು ಕೇಳಲು ನಾನು ಹೊರಗೆ ಓಡುತ್ತಿದ್ದೆ. ಕೊನೆಗೆ ಮಾವನೇ ಬೇಸತ್ತು, “ನಿನ್ಗೆ ತುಪ್ಪದ ಕೈ ಬ್ಯಾಡ, ಗ್ರೀಸಿನ ಕೈಯೇ ಬೇಕ್ ಅಂದ್ರೆ ಹೋಗ್ ಮಾರಾಯ” ಎಂದು ಕಳಿಸಿಬಿಟ್ಟರು. ಊಟ ಮತ್ತು ಮಲಗುವ ಜಾಗ ಮಾತ್ರ ಹೋಟೆಲಿನಲ್ಲೇ ಉಳಿಯಿತು.

ಹೋಗಿ ಸೇರಿದ್ದು ಪುದುಪೇಟೆಯಲ್ಲಿ ಏಳುಮಲೈ ಮೇಸ್ತ್ರಿಯ ಶೆಡ್ಡಿಗೆ. ಮೇಸ್ತ್ರಿಯದು ಒಣಕಲು ದೇಹ, ದೊಡ್ಡ ಮೀಸೆ. ಮಾತು ಬಲು ಕಡಿಮೆ. ಶೆಡ್ಡಿನಲ್ಲಿ ಲೋಹ ಕಡೆಯುವ ಒಂದು ಹಳೆಯ ಲೇತ್ ಯಂತ್ರವಿತ್ತು. ಅದರ ಮೇಲೆ ಅವರು ಬಿಟ್ಟು ಬೇರೆ ಯಾರೂ ಕೈ ಇಡುವಂತಿರಲಿಲ್ಲ. ಅವರು ನನಗೆ ಕಲಿಸಿದ ಮೊದಲ ಪಾಠ ನಟ್ಟು ಹಾಕುವುದು. ನಾನು ಬೋಲ್ಟಿನ ಮೇಲೆ ನಟ್ಟು ಇಟ್ಟು ಮುಂದಕ್ಕೆ ತಿರುಗಿಸತೊಡಗಿದ್ದೆ. ಅವರು ನನ್ನ ಕೈ ಹಿಡಿದು ಹಿಂದಕ್ಕೆ ತಿರುಗಿಸಿದರು. ಹಿಂದಕ್ಕೆ ತಿರುಗಿಸುತ್ತ ಹೋದರೆ ಒಂದು ಕಡೆ ಕುಳಕ್ ಎಂದು ಸಣ್ಣಗೆ ಕೆಳಗೆ ಇಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸು ಎಂದರು. ನಟ್ಟು ಎರಡೇ ಬೆರಳಿಗೆ ನೀರಿನ ಹಾಗೆ ಒಳಗೆ ಹೋಯಿತು.

ಸ್ಕ್ರೂ ಹಿಡಿದುಕೊಳ್ಳುವ ಆ ಸುತ್ತುಗೀರುಗಳಿಗೆ ನೀವು ಥ್ರೆಡ್ ಎನ್ನುತ್ತೀರಿ, ಮದ್ರಾಸಿನ ಶೆಡ್ಡುಗಳಲ್ಲಿ ‘ಮರೈ’ ಎನ್ನುತ್ತಿದ್ದರು. ಕೂದಲಿಗಿಂತ ಸ್ವಲ್ಪ ದಪ್ಪದ ಗೀರು. ಅಂಥ ಕೆಲವು ಗೀರುಗಳು ಒಂದಕ್ಕೊಂದು ಕೈ ಹಿಡಿದುಕೊಂಡು, ಒಳಗೆ ಸ್ಫೋಟದ ಮೇಲೆ ಸ್ಫೋಟ ಆಗುತ್ತಿರುವ ಇಂಜಿನ್ನನ್ನು ಒಟ್ಟಾಗಿ ಇಟ್ಟಿರುತ್ತವೆ. ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ನನಗೆ ಇದರಲ್ಲಿ ಪೂರ್ತಿ ನಂಬಿಕೆ ಬಂದಿಲ್ಲ. ಯಾವ ಪುಣ್ಯಾತ್ಮ ಮೊದಲು ಒಂದು ಕಡ್ಡಿಯ ಸುತ್ತ ಗೀರು ಎಳೆದನೋ, ಅವನಿಗೆ ದಿನಾ ಒಂದು ನಮಸ್ಕಾರ ಹಾಕಿಯೇ ಕೆಲಸ ಶುರು ಮಾಡುತ್ತಿದ್ದೆ.

ಮೇಸ್ತ್ರಿಯಂಥ ಮೇಸ್ತ್ರಿಗೂ ಒಂದು ಸೋಲು ಇತ್ತು. ನಾನು ಸೇರಿದ ಸ್ವಲ್ಪ ಕಾಲಕ್ಕೆ ಒಂದು ಇಂಜಿನ್ನಿನ ಕವಚಕ್ಕೆ ಬೇರಿಂಗ್ ಕೂರಿಸಬೇಕಾಗಿತ್ತು. ಅಲ್ಯೂಮಿನಿಯಂ ಬಿಸಿಯಾದರೆ ಹಿಗ್ಗುತ್ತದೆ. ಹಿಗ್ಗಿದಾಗ ಬೇರಿಂಗ್ ಒಳಗಿಟ್ಟರೆ, ತಣಿದ ಮೇಲೆ ಅದು ಗಪ್ಪೆಂದು ಹಿಡಿದುಕೊಳ್ಳುತ್ತದೆ. ಮೇಸ್ತ್ರಿ ಸೀಮೆಎಣ್ಣೆಯ ಬ್ಲೋ ಲ್ಯಾಂಪಿನ ಉರಿಯಲ್ಲಿ ಕವಚ ಬಿಸಿ ಮಾಡುತ್ತಿದ್ದರು. ಯಾರೋ ಗಿರಾಕಿ ಹೊರಗಿನಿಂದ ಕರೆದರೆಂದು ಅತ್ತ ಮುಖ ತಿರುಗಿಸಿದರು. ತಿರುಗಿ ನೋಡುವಷ್ಟರಲ್ಲಿ ಕವಚದ ಒಂದು ಮೂಲೆ ಕೆಳಗೆ ಜೋತುಬಿದ್ದಿತ್ತು. ಸದ್ದಿಲ್ಲ, ಬಣ್ಣವಿಲ್ಲ. ಮೇಸ್ತ್ರಿ ಲ್ಯಾಂಪು ಆರಿಸಿ ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ಬ್ಲೋ ಲ್ಯಾಂಪನ್ನು ಅಟ್ಟಕ್ಕೆ ಹಾಕಿದರು. “ನೆರುಪ್ಪುಕ್ಕು ಕಣ್ಣು ಇಲ್ಲೆ, ಸೀನು” ಎಂದು ಮಾತ್ರ ಹೇಳಿದರು. ಬೆಂಕಿಗೆ ಕಣ್ಣಿಲ್ಲ ಎಂದು ಅದರ ಅರ್ಥ. ನನ್ನ ಹೆಸರು ಶ್ರೀನಿವಾಸ; ಊರಿನವರಿಗೆ ಶೀನ, ಮೇಸ್ತ್ರಿಗೆ ಸೀನು.

ಇಷ್ಟನ್ನೆಲ್ಲ ಹೇಳಿದ್ದು ಗುರುರಾಯರ ಗಾಡಿಯ ಕತೆ ಹೇಳುವುದಕ್ಕೆ. ನನ್ನ ಕೈಯಿಂದ ಹೋದ ಗಾಡಿಗಳಿಗೆ ಲೆಕ್ಕವಿಲ್ಲ. ಅವುಗಳ ಪೈಕಿ ಯಾವುದು ದೊಡ್ಡ ಕೆಲಸ ಎಂದು ಯಾರಾದರೂ ಕೇಳಿದರೆ, ರೇಸಿನ ಗಾಡಿಗಳನ್ನೆಲ್ಲ ಬಿಟ್ಟು ನಾನು ಇದನ್ನೇ ಹೇಳುತ್ತೇನೆ.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ಗುರುರಾಯರು ತಿರುವಲ್ಲಿಕ್ಕೇಣಿಯವರು, ತಲೆಮಾರುಗಳಿಂದ ಮದ್ರಾಸಿನಲ್ಲೇ ಇದ್ದ ಮಾಧ್ವರ ಮನೆ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅವರ ಗಾಡಿ ದೇಶ ಬಿಟ್ಟುಹೋದ ಯಾರೋ ಇಂಗ್ಲಿಷ್ ದೊರೆಯದು, ಪಕ್ಕದಲ್ಲಿ ತೊಟ್ಟಿಲಿನಂಥ ಸೈಡ್‌ಕಾರು. ಆ ಸೈಡ್‌ಕಾರಿನಲ್ಲಿ ಕೂರುತ್ತಿದ್ದವರು ಅವರ ಹೆಂಡತಿ ಸುಶೀಲಮ್ಮ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡು ಕಾಲೂ ಸೊರಗಿದ್ದವು. ಊರುಗೋಲು ಹಿಡಿದು ಹತ್ತು ಹೆಜ್ಜೆ ನಡೆದರೆ ಹೆಚ್ಚು. ಆದರೆ ಕೀಲ್ಪಾಕಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತಿದ್ದರು. ರಾಯರು ಬೆಳಿಗ್ಗೆ ಅವರನ್ನು ಬಿಟ್ಟು ಕಚೇರಿಗೆ ಹೋಗುವುದು, ಸಂಜೆ ಕರೆದುಕೊಂಡು ಬರುವುದು. ನಾನು ಒಂದೊಂದು ಸಲ ದಾರಿಯಲ್ಲಿ ನೋಡುತ್ತಿದ್ದೆ. ಸೈಡ್‌ಕಾರಿನಲ್ಲಿ ನೆಟ್ಟಗೆ ಕೂತು ಸುಶೀಲಮ್ಮ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತ ಹೋಗುತ್ತಿದ್ದರು.

ಬೇಸಿಗೆ ರಜೆಯಲ್ಲಿ ರಾಯರು ಗಾಡಿಯನ್ನು ತಳ್ಳಿಕೊಂಡು ಶೆಡ್ಡಿಗೆ ಬಂದರು.

“ಶ್ರೀನಿವಾಸ, ರೊಂಬ ತೊಂದರೆಗೆ ಸಿಕ್ಕೊಂಡಿದೀನಪ್ಪ. ಫಿಲ್ಟರ್ ಹತ್ರ ಎಣ್ಣೆ ಸೋರ್ತಾನೇ ಇದೆ. ಎಷ್ಟು ಬಿಗಿ ಮಾಡಿದ್ರೂ ನಿಲ್ಲೋದಿಲ್ಲ.”

ಆ ಗಾಡಿಯಲ್ಲಿ ಎಣ್ಣೆ ಸೋಸುವ ಫಿಲ್ಟರ್ ಇಂಜಿನ್ ಕವಚದ ಒಳಗೇ ಒಂದು ಗೂಡಿನಲ್ಲಿ ಕೂರುತ್ತದೆ. ಮೇಲೆ ಹಿತ್ತಾಳೆಯ ಅಗಲ ಮುಚ್ಚಳ; ಅದು ಕವಚದ ಅಲ್ಯೂಮಿನಿಯಂ ಥ್ರೆಡ್ಡಿಗೆ ತಿರುಗಿ ಕೂರಬೇಕು. ಮೇಸ್ತ್ರಿ ಸ್ಪಾನರ್ ಇಟ್ಟು ಮುಚ್ಚಳ ಬಿಚ್ಚಿದರು. ಅದರ ಜೊತೆಗೇ ಅಲ್ಯೂಮಿನಿಯಂ ಥ್ರೆಡ್ ಪೂರ್ತಿ ಸುರುಳಿ ಬಿಚ್ಚಿಕೊಂಡು ಶಾವಿಗೆ ಎಳೆಯಂತೆ ಹೊರಗೆ ಬಂತು. ಗೂಡಿನ ಬಾಯಿ ನುಣ್ಣಗೆ ಬೋಳಾಗಿತ್ತು.

“ನೀಂಗ ಡೈಲಿ ಟೈಟ್ ಪಣ್ಣುವೀಂಗಳಾ ಸಾರ್?” ಎಂದರು ಮೇಸ್ತ್ರಿ. ದಿನಾ ಬಿಗಿ ಮಾಡುತ್ತಿದ್ದಿರಾ ಎಂದು.

ರಾಯರು ಸಂಕೋಚದಿಂದ ಒಪ್ಪಿಕೊಂಡರು. ಬೆಳಿಗ್ಗೆ ಹೆಂಡತಿ ಸೈಡ್‌ಕಾರಿನಲ್ಲಿ ಕೂತ ಮೇಲೆ, ಹೊರಡುವ ಮುಂಚೆ, ಎಲ್ಲಾದರೂ ಸಡಿಲವಾಗಿದ್ದರೆ ಎಂಬ ಭಯಕ್ಕೆ ಆ ಮುಚ್ಚಳಕ್ಕೆ ಒಂದು ಎಳೆತ ಕೊಟ್ಟೇ ಹೊರಡುತ್ತಿದ್ದರಂತೆ. ಅದು ಅವರಿಗೆ ಸಂಧ್ಯಾವಂದನೆಯಷ್ಟೇ ಕ್ರಮವಾಗಿಬಿಟ್ಟಿತ್ತು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಗೆ ನಾನು ಅಷ್ಟು ಒಳ್ಳೆಯ ಉದಾಹರಣೆ ಮತ್ತೆ ನೋಡಿಲ್ಲ. ಪಾಪ, ಪ್ರೀತಿಯೇ ಆ ಥ್ರೆಡ್ಡನ್ನು ತಿಂದು ಹಾಕಿತ್ತು.

ಹಾಗೇ ಓಡಿಸುವಂತಿರಲಿಲ್ಲ. ಮೌಂಟ್ ರೋಡಿನ ನಡುವೆ ಆ ಮುಚ್ಚಳ ಕಳಚಿದರೆ ಎಣ್ಣೆಯೆಲ್ಲ ಚೆಲ್ಲಿಹೋಗಿ, ಇಂಜಿನ್ ಕಚ್ಚಿಕೊಂಡು ಚಕ್ರ ನಿಂತುಬಿಡುತ್ತದೆ. ಹಿಂದೆ ಬಸ್ಸು, ಪಕ್ಕದಲ್ಲಿ ಏಳಲಾರದ ಹೆಂಗಸು. ಹೊಸ ಕವಚ ತರಿಸೋಣವೆಂದರೆ ಆ ದಿನಗಳಲ್ಲಿ ಪರದೇಶದ ಬಿಡಿಭಾಗ ಬರುವುದೇ ನಿಂತುಹೋಗಿತ್ತು. ಪುದುಪೇಟೆಯ ಗುಜರಿಗಳನ್ನೆಲ್ಲ ಜಾಲಾಡಿ ಒಂದು ಕವಚ ಹುಡುಕಿದೆ; ಅದರ ಹೊಟ್ಟೆಯಲ್ಲಿ ಉದ್ದಕ್ಕೂ ಬಿರುಕು.

ಈ ಸುದ್ದಿ ಹೇಳಲು, ಇಂಜಿನ್ನಿನಿಂದ ಬಿಚ್ಚಿದ ಆ ಬೋಳು ಕವಚ ಹಿಡಿದುಕೊಂಡು ನಾನೇ ರಾಯರ ಮನೆಗೆ ಹೋದೆ. ರಾಯರ ತಂದೆ ಜಗಲಿಯಲ್ಲಿ ಕೂತಿದ್ದರು. ಸೊಸೆಯ ಕಡೆ ನೋಡದೆ, “ಗಾಡಿಗೇ ಸಾಕಾಗಿದೆ. ಇನ್ನು ಮನೇಲಿರಲಿ, ಯಾರು ಬೇಡ ಅಂದ್ರು?” ಎಂದರು. ಕೆಟ್ಟ ಮನುಷ್ಯರಲ್ಲ, ದಾರಿಯಲ್ಲಿ ಏನಾದರೂ ಆದೀತು ಎಂಬ ಭಯ ಅವರಿಗೆ. ಸುಶೀಲಮ್ಮ ಕವಚವನ್ನು ಕೇಳಿ ಮಡಿಲಿಗೆ ತೆಗೆದುಕೊಂಡರು. ಗೂಡಿನ ಬಾಯಿಗೆ ಬೆರಳಿಟ್ಟು ಸುತ್ತ ಸವರಿದರು.

“ಇಲ್ಲಿದ್ದ ಗೀರುಗಳು ಹೋದವು, ಅಷ್ಟೇ ತಾನೇ?”

“ಅಷ್ಟೇ ಅಮ್ಮ.”

“ಇಷ್ಟರ ಮೇಲೆ ನಿಂತಿತ್ತಾ ನನ್ನ ಶಾಲೆ” ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ಶಾಲೆ ತೆರೆಯುವ ದಿನ ಸುಶೀಲಮ್ಮ ಬಾರದಿದ್ದರೆ ಮೇಲಿನ ತರಗತಿಯ ಗಣಿತವನ್ನು ಬೇರೆಯವರಿಗೆ ಕೊಡುವುದಾಗಿ ಹೆಡ್‌ಮಿಸ್ಟ್ರೆಸ್ ಹೇಳಿಯಾಗಿತ್ತು. ಹಿಂದಿನ ವರ್ಷ ಗಾಡಿ ಕೆಟ್ಟು ತುಂಬ ರಜೆಯಾಗಿತ್ತು, ಅವರದೂ ತಪ್ಪಲ್ಲ. ಬಸ್ಸಿನ ಮೆಟ್ಟಿಲು ಇವರಿಗೆ ಹತ್ತಲಾಗದು. ಕೈಗಾಡಿ ರಿಕ್ಷಾ ಇದೆಯಲ್ಲ ಎಂದು ನಾನು ಕೇಳಿದೆ.

“ಇನ್ನೊಬ್ಬ ಮನುಷ್ಯ ಬಿಸಿಲಲ್ಲಿ ಏದುಸಿರು ಬಿಟ್ಕೊಂಡು ನನ್ನ ಎಳೀಬೇಕು, ನಾನು ಹೋಗಿ ಮಕ್ಕಳಿಗೆ ಪಾಠ ಹೇಳ್ಬೇಕು. ಅದು ನನ್ ಕೈಲಾಗೋಲ್ಲ ಶ್ರೀನಿವಾಸ. ಅದಕ್ಕಿಂತ ಮನೇಲಿ ಕೂರ್ತೀನಿ” ಎಂದರು. ಬೇಸರವಿಲ್ಲದೆ, ಲೆಕ್ಕದ ಉತ್ತರ ಹೇಳಿದ ಹಾಗೆ ಹೇಳಿದರು. ನಾನು ಕವಚ ಎತ್ತಿಕೊಂಡು ನೇರ ಶೆಡ್ಡಿಗೆ ಬಂದೆ.

ಮೇಸ್ತ್ರಿ ಎಲ್ಲ ಕೇಳಿಸಿಕೊಂಡು ಒಂದು ಬೀಡಿ ಸೇದಿ ಮುಗಿಸಿದರು. ಆಮೇಲೆ ದಾರಿ ಹೇಳಿದರು. ಗೂಡಿನ ಬಾಯನ್ನು ಲೇತಿನಲ್ಲಿ ಸ್ವಲ್ಪ ಅಗಲ ಮಾಡುವುದು. ಕಂಚಿನ ಒಂದು ಬಳೆ ಕಡೆದು, ಅದರ ಒಳಮೈಗೆ ಹೊಸ ಥ್ರೆಡ್ ಹಾಕುವುದು. ಬಳೆಯ ಹೊರಸುತ್ತನ್ನು ಗೂಡಿನ ಬಾಯಿಗಿಂತ ಕೂದಲೆಳೆಯಷ್ಟು ದೊಡ್ಡದಾಗಿ ಬಿಡುವುದು. ಕವಚ ಬಿಸಿ ಮಾಡಿ, ಬಳೆಯನ್ನು ಐಸಿನಲ್ಲಿಟ್ಟು, ಅದು ಹಿಗ್ಗಿ ಇದು ಕುಗ್ಗಿದ ಆ ಒಂದು ಕ್ಷಣದಲ್ಲಿ ಒಳಗೆ ಇಳಿಸುವುದು. ತಣಿದ ಮೇಲೆ ಯಾವ ಭೀಮನೂ ಅದನ್ನು ಕೀಳಲಾರ.

ಬಳೆ ಕಡೆದ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಒಳ ಥ್ರೆಡ್ ಮುಗಿದ ಮೇಲೆ ಹಿತ್ತಾಳೆ ಮುಚ್ಚಳ ಹಾಕಿ ನೋಡಿದರೆ ಲೊಡಲೊಡ ಆಡುತ್ತಿತ್ತು. ಸಡಿಲವಾಯಿತಲ್ಲ ಎಂದೆ. ಮೇಸ್ತ್ರಿ ಮೀಸೆಯಲ್ಲೇ ನಕ್ಕರು. ಕವಚ ತಣಿದು ಸುತ್ತಲಿಂದ ಅಪ್ಪಿಕೊಂಡಾಗ ಬಳೆ ಹಿಂಡಿದಂತಾಗುತ್ತದೆ, ಆಗ ಥ್ರೆಡ್ ಸರಿಯಾಗಿ ಬರುತ್ತದೆ, ಅದಕ್ಕೇ ಈಗ ಸಡಿಲ ಬಿಟ್ಟಿದ್ದೇನೆ ಎಂದರು. ಇನ್ನೂ ಆಗದೇ ಇರುವ ಅಪ್ಪುಗೆಗೆ ಮೊದಲೇ ಜಾಗ ಬಿಟ್ಟ ಆ ಲೆಕ್ಕಕ್ಕೆ ನಾನು ದಂಗಾಗಿ ನಿಂತೆ.

ಆದರೆ ಬಿಸಿ ಮಾಡುವುದು ಹೇಗೆ? ಬ್ಲೋ ಲ್ಯಾಂಪು ಅಟ್ಟದಲ್ಲಿತ್ತು, ಅದನ್ನು ಇಳಿಸಲು ಅವರು ತಯಾರಿರಲಿಲ್ಲ. ಬೇಕರಿಯ ಒಲೆಯ ಬಿಸಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಕವಚ ಡೊಂಕಾದರೆ ಬೇರಿಂಗಿನ ಜಾಗವೂ ಹೋಯಿತು. ಮೇಸ್ತ್ರಿ ಮೊದಲ ಸಲ ಗೊತ್ತಿಲ್ಲ ಎನ್ನುವಂತೆ ಕೈ ಚೆಲ್ಲಿದರು.

ಮಾರನೆಯ ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ ಕೂತಿದ್ದಾಗ ನನ್ನ ಕಣ್ಣು ಅಡಿಗೆಮನೆಯ ಕಡೆ ಹೋಯಿತು. ಎದೆಮಟ್ಟದ ತಾಮ್ರದ ಕೊಪ್ಪರಿಗೆ, ಅದರ ಮುಚ್ಚಳದ ಸಂದಿಯಿಂದ ಹಬೆ. ಒಲೆಗೆ ಎಷ್ಟು ಕಟ್ಟಿಗೆ ತುರುಕಿದರೂ ಹಬೆ ಜೋರಾಗುತ್ತದೆಯೇ ಹೊರತು ಅದರ ಬಿಸಿ ಒಂದು ಮಿತಿ ಮೀರುವುದಿಲ್ಲ. ಮೇಲಿನ ಇಡ್ಲಿಯೂ ಕೆಳಗಿನ ಇಡ್ಲಿಯೂ ಒಂದೇ ಸಮ ಬೇಯುತ್ತದೆ. ಹುಟ್ಟಿದಾಗಿನಿಂದ ನೋಡಿದ ಹಬೆ, ಆವತ್ತು ಮೊದಲ ಸಲ ಕಂಡ ಹಾಗಾಯಿತು. ಕೈ ತೊಳೆಯದೆಯೇ ಪುದುಪೇಟೆಗೆ ಓಡಿದೆ. ಮೇಸ್ತ್ರಿ ಕೇಳಿ, “ಆವಿಕ್ಕು ಕಣ್ಣು ಇರುಕ್ಕು” ಎಂದರು. ಹಬೆಗೆ ಕಣ್ಣಿದೆ.

ಕಣ್ಣಿರುವ ಹಬೆಗೆ ಒಬ್ಬ ಕಾವಲುಗಾರರಿದ್ದರು. ಹೋಟೆಲಿನ ಹಿರಿಯ ಅಡಿಗೆಯವರು ನಾರಾಯಣ ಐತಾಳರು, ನಮ್ಮೂರ ಕಡೆಯವರೇ. ಮಡಿಯಲ್ಲಿ ಅಡಿಗೆ, ಅವರ ಒಲೆಯ ಹತ್ತಿರ ಮಾವನೂ ಕೇಳಿಯೇ ಹೋಗಬೇಕು. ಮಧ್ಯಾಹ್ನ ಊಟ ಮುಗಿದು, ಟಿಫಿನ್ನಿಗೆ ಇನ್ನೂ ಸಮಯವಿದ್ದಾಗ, ಹಿತ್ತಿಲ ಬಾಗಿಲಲ್ಲಿ ನಿಂತು ವಿಷಯ ಹೇಳಿದೆ. ಅವರು ಕವಚವನ್ನು ಸತ್ತ ಪ್ರಾಣಿಯನ್ನು ನೋಡುವಂತೆ ನೋಡಿದರು.

“ಎಂತ ಮಾಣಿ ಇದ್? ಬೆಳಿಗ್ಗೆ ಮೊದ್ಲ್ ಒಬ್ಬೆ ದೇವ್ರಿಗೆ ನೈವೇದ್ಯ ಆಪು ಪಾತ್ರೆ ಅದ್. ಅದ್ರಲ್ಲಿ ಮೋಟ್ರ್ ಬೇಯ್ಸುದಾ?”

“ಅದಲ್ಲದಿದ್ರೆ ಹಳೇ ಕೊಪ್ಪರಿಗೆ ಒಂದಿದೆಯಲ್ಲ ಐತಾಳರೇ.”

“ಇದ್ರಗೆ ಚರ್ಮ ಗಿರ್ಮ ಇತ್ತಾ? ಆ ಗ್ರೀಸ್ ಅಂಬುದ್ ಎಂತದ್ರ ಕೊಬ್ಬ್?”

ನಾನು ಆ ಮಾತು ಅಲ್ಲೇ ಬಿಟ್ಟೆ. ಬದಲಿಗೆ ಟೀಚರಮ್ಮನ ಕತೆ ಹೇಳಿದೆ. ರಿಕ್ಷಾದ ಮಾತು ಬಂದಾಗ ಅವರು ಬೀಸುತ್ತಿದ್ದ ಬೀಸಣಿಗೆ ನಿಲ್ಲಿಸಿದರು.

“ಮನ್ಷ್ರ್ ಎಳು ಗಾಡಿ ಬ್ಯಾಡ ಅಂದ್ರಾ?”

“ಹೌದು.”

ಐತಾಳರು ಬೀಸಣಿಗೆಯಿಂದಲೇ ಹಿತ್ತಿಲ ಮೂಲೆ ತೋರಿಸಿದರು. “ಇಟ್ಟ್ ಹೋಗ್. ತೊಳುದ್ ನಾನೇ. ನೀವ್ ಸೀಮೆಎಣ್ಣೆ ಹಾಕಿ ತೊಳ್ದದ್ದ್ ತೊಳ್ದದ್ದಲ್ಲ. ನಾಳೆ ಮಧ್ಯಾಹ್ನ ಬನ್ನಿ” ಎಂದರು. ನಾನು ಹಿಗ್ಗಿನಲ್ಲಿ ಹಿಂದುಮುಂದು ಯೋಚಿಸದೆ ಕವಚ ಅಲ್ಲೇ ಇಟ್ಟು ಹೊರಟೆ.

ಮರುದಿನ ಮೇಸ್ತ್ರಿಯೂ ನಾನೂ ಹಿತ್ತಿಲಿಗೆ ಬಂದೆವು. ಐಸಿನ ಬಕೆಟ್ಟಿನಲ್ಲಿ ಕಂಚಿನ ಬಳೆ. ತುಳಸಿಕಟ್ಟೆಯ ಪಕ್ಕ ಬಾಳೆಲೆಯ ಮೇಲೆ ಕವಚ ಇಟ್ಟಿತ್ತು. ಹಬ್ಬದ ದಿನದ ಬೆಳ್ಳಿ ತಟ್ಟೆಯಂತೆ ಥಳಥಳ ಹೊಳೆಯುತ್ತಿತ್ತು. ಕಾರ್ಖಾನೆಯಿಂದ ಹೊರಬಂದ ದಿನವೂ ಅದು ಹಾಗೆ ಹೊಳೆದಿರಲಾರದು.

“ಕಾಣ್, ಬೆಳ್ಳಿ ಆಯ್ತಲ್ದಾ?” ಎಂದರು ಐತಾಳರು, ಮುಖ ತುಂಬ ನಗು. “ಹುಣ್ಸೆಹಣ್ಣ್, ಒಲೆ ಬೂದಿ. ಎರಡ್ ಸಲ ಹಾಕಿ ತಿಕ್ಕಿದೆ.”

ನಾನು ಬಗ್ಗಿ ಕವಚದ ತೂತುಗಳನ್ನು ನೋಡಿದೆ. ಆ ಕವಚದ ಗೋಡೆಯೊಳಗೆ ಕಣ್ಣಿಗೆ ಕಾಣದ ಕಾಲುವೆಗಳಿವೆ. ಎಣ್ಣೆ ಫಿಲ್ಟರಿನಿಂದ ಹೊರಟು ಆ ಕಾಲುವೆಗಳಲ್ಲೇ ಬೇರಿಂಗುಗಳಿಗೆ ಹೋಗಬೇಕು. ಫಿಲ್ಟರ್ ದಾಟಿದ ಮೇಲಿನ ದಾರಿ ಅದು. ಅಲ್ಲಿ ಒಂದು ಕಣ ಬೂದಿ ಕೂತಿದ್ದರೂ ಅದನ್ನು ತಡೆಯುವವರಿಲ್ಲ, ನೇರ ಬೇರಿಂಗಿಗೆ ಹೋಗಿ ಮರ ಉಜ್ಜುವ ಉಪ್ಪುಕಾಗದದ ಹಾಗೆ ತಿನ್ನುತ್ತದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ನಮ್ಮ ಕಡೆಯ ಅಡಿಗೆಯವರಲ್ಲದೆ ಪ್ರಪಂಚದಲ್ಲಿ ಇನ್ಯಾರೂ ಇಂಜಿನ್ನಿಗೆ ಹುಣಸೆಹಣ್ಣು ಹಚ್ಚುತ್ತಿರಲಿಲ್ಲ. ಮೇಸ್ತ್ರಿ ಕವಚ ಎತ್ತಿ ಕಾಲುವೆಯ ಬಾಯಿಗೆ ಉಫ್ ಎಂದು ಊದಿದರು. ಇನ್ನೊಂದು ತೂತಿನಿಂದ ಒದ್ದೆ ಬೂದಿಯ ಹನಿಯೊಂದು ಅವರ ಕೈಮೇಲೆ ಬಿತ್ತು.

ವಿಷಯ ಹೇಳಿದಾಗ ಐತಾಳರ ಮುಖ ಸಪ್ಪಗಾಯಿತು. “ನಾನ್ ಪಾತ್ರೆ ಅಂದ್ಕಂಡೆ. ಅದ್ರೊಳಗೆ ನರ ಇತ್ತ್ ಅಂದ್ ಯಾರಿಗ್ ಗೊತ್ತ್?” ಎಂದರು. ಆಮೇಲೆ ನನ್ನ ಮಾತಿಗೆ ಕಾಯದೆ ಒಳಗೆ ಹೋಗಿ ಒಂದು ಕೊಡ ಕುದಿನೀರು ತಂದರು. ಒಂದು ತೂತಿನಿಂದ ಸುರಿದರೆ ಇನ್ನೊಂದರಿಂದ ಬೂದುಬಣ್ಣದ ನೀರು ಬಂತು. ಸುರಿದಷ್ಟೂ ಬಂತು. ನೀರು ತಿಳಿಯಾದ ಮೇಲೆ ಕೊನೆಗೆ ಒಂದು ಹುಣಸೆಯ ನಾರು, ಎಲ್ಲಿ ಅಡಗಿತ್ತೋ, ಮೆಲ್ಲಗೆ ಹೊರಗೆ ಜಾರಿತು. ಮೇಸ್ತ್ರಿ ಅದನ್ನು ಎತ್ತಿ ಬಾಳೆಲೆಯ ಮೇಲಿಟ್ಟರು.

ಹಳೆಯ ಕೊಪ್ಪರಿಗೆಯಲ್ಲಿ ಹಬೆ ಎದ್ದಿತ್ತು. ಒಂದು ಒಬ್ಬೆ ಇಡ್ಲಿ ಬೇಯುವಷ್ಟು ಹೊತ್ತು, ಅದರ ಮೇಲೆ ಇನ್ನೊಂದು ಒಬ್ಬೆಯಷ್ಟು ಹೊತ್ತು ಇಡೋಣ ಎಂದು ಐತಾಳರೇ ಹೇಳಿದರು. ಅಡಿಗೆಮನೆಯ ಹೊಸ್ತಿಲು ದಾಟಿ ಮೇಸ್ತ್ರಿ ಒಳಗೆ ಬರುವಂತಿರಲಿಲ್ಲ. ಆ ಕಾಲ ಹಾಗಿತ್ತು, ಅದು ಸರಿಯೆಂದು ನಾನು ಹೇಳುವುದಿಲ್ಲ. ಮೇಸ್ತ್ರಿ ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದರು. ಅವರಿಗೆ ಅದು ಗೊತ್ತಿತ್ತು, ಐತಾಳರಿಗೂ ಅವರಿಗೆ ಗೊತ್ತಿರುವುದು ಗೊತ್ತಿತ್ತು.

ಕಷ್ಟವಿದ್ದದ್ದು ಇಲ್ಲಿ: ಕವಚ ಹಬೆಯಿಂದ ಹೊರಗೆ ಬಂದ ತಕ್ಷಣ ತಣಿಯತೊಡಗುತ್ತದೆ. ಕಲ್ಲಿನ ಮೇಲಿಟ್ಟರೆ ಕಲ್ಲೇ ಬಿಸಿಯನ್ನು ಕುಡಿದುಬಿಡುತ್ತದೆ. ಬಳೆ ಒಂದೇ ಸಲಕ್ಕೆ ನೆಟ್ಟಗೆ ಇಳಿಯಬೇಕು. ಸ್ವಲ್ಪ ಓರೆಯಾಗಿ ಅರ್ಧಕ್ಕೆ ಸಿಕ್ಕಿಕೊಂಡರೆ ಮುಗಿಯಿತು, ಇನ್ನೊಂದು ಕವಚ ಈ ದೇಶದಲ್ಲಿಲ್ಲ. ಯಾರಾದರೂ ಆ ಸುಡುವ ಕವಚವನ್ನು ಕೈಯಲ್ಲೇ ಸಮವಾಗಿ ಹಿಡಿದು ನಿಲ್ಲಬೇಕಿತ್ತು. ನಾನು ಮುಂದೆ ಬಂದೆ. ಐತಾಳರು ನನ್ನನ್ನು ಪಕ್ಕಕ್ಕೆ ಸರಿಸಿದರು.

“ನಿನ್ದ್ ಗ್ರೀಸಿನ್ ಕೈ. ಬಿಸಿ ಹಿಡಿದ್ ಹುಟ್ಟಿದ್ ಕೈ ಇದ್.”

ಮಡಿ ಪಂಚೆಯ ಅಂಚನ್ನು ಅಂಗೈಗೆ ಸುತ್ತಿಕೊಂಡು, ಕೊಪ್ಪರಿಗೆಯಿಂದ ಕವಚ ಎತ್ತಿ, ಹೊಸ್ತಿಲು ದಾಟಿ ನೇರ ಮೇಸ್ತ್ರಿಯ ಎದುರಿಗೆ ಬಂದು ನಿಂತರು. ಕವಚದಿಂದ ಹಬೆ ಏಳುತ್ತಿತ್ತು. ಅವರ ತೋಳು ದೇವರ ಮುಂದೆ ತಟ್ಟೆ ಹಿಡಿದಷ್ಟು ಸಮ. ಮೇಸ್ತ್ರಿ ಗೂಡಿನ ಬಾಯನ್ನು ಒಮ್ಮೆ ಒರೆಸಿದರು. ಐಸಿನಿಂದ ಬಳೆ ತೆಗೆದು ಬಾಯಿಗೆ ಇಟ್ಟರು. ನಾನು ಸುತ್ತಿಗೆಯ ಸದ್ದಿಗೆ ಕಾಯುತ್ತಿದ್ದೆ. ಸದ್ದೇ ಬರಲಿಲ್ಲ. ಬಳೆ ತನ್ನ ಭಾರಕ್ಕೆ ತಾನೇ, ಬಾವಿಗೆ ಕೊಡ ಇಳಿದ ಹಾಗೆ, ಸದ್ದಿಲ್ಲದೆ ಕೆಳಗೆ ಹೋಗಿ ಕೂತಿತು. ಅದು ಅಲುಗದಂತೆ ಮೇಸ್ತ್ರಿ ಬೆರಳಿನಿಂದ ಒತ್ತಿ ಹಿಡಿದರು. ಅವರ ಬೆರಳು ಐತಾಳರ ಕೈಗೆ ತಾಗಿಯೇ ಇತ್ತು. ಇಬ್ಬರೂ ಕದಲಲಿಲ್ಲ. ಟಿಕ್ ಎಂದು ಒಂದು ಸಣ್ಣ ಸದ್ದು ಕೇಳಿಸಿತು. ಲೋಹ ಲೋಹವನ್ನು ಹಿಡಿದುಕೊಂಡಿತ್ತು.

ಮೇಸ್ತ್ರಿ ಹಿತ್ತಾಳೆಯ ಮುಚ್ಚಳ ಕೊಟ್ಟು ನನಗೆ ಹಾಕಲು ಹೇಳಿದರು. ಹಿಂದಕ್ಕೆ ತಿರುಗಿಸಿದೆ, ಕುಳಕ್ ಎಂದಿತು, ಮುಂದಕ್ಕೆ ತಿರುಗಿಸಿದೆ. ಲೊಡಲೊಡ ಎನ್ನುತ್ತಿದ್ದ ಮುಚ್ಚಳ ಈಗ ಅಲುಗಾಟವಿಲ್ಲದೆ ರೇಷ್ಮೆಯಂತೆ ಒಳಗೆ ಹೋಯಿತು. ನನ್ನ ಮೈಮೇಲೆ ಮುಳ್ಳೆದ್ದಿತು. ಎಲ್ಲೂ ಕಾಣದ ಆ ಕೂದಲೆಳೆಯ ಲೆಕ್ಕ, ತಣ್ಣನೆಯ ಲೋಹದೊಳಗೆ ತಾನೇ ಸರಿಹೋಗಿತ್ತು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಆಗಬೇಕಾದದ್ದು ನನಗೆ ಹೋಟೆಲಿನ ಹಿತ್ತಿಲಲ್ಲಿ ಆಯಿತು.

ಐತಾಳರು ಬಾವಿಯ ಹತ್ತಿರ ಹೋಗಿ ಸ್ನಾನ ಮಾಡಿ ಬೇರೆ ಪಂಚೆ ಉಟ್ಟು ಬಂದರು. ಮೇಸ್ತ್ರಿ ಬೀಡಿ ಹಚ್ಚಿ ಬೇರೆ ಕಡೆ ನೋಡುತ್ತಿದ್ದರು. ಇನ್ನು ಹೊರಡುವುದೇ ಎಂದುಕೊಂಡಾಗ ಐತಾಳರು ಬಿಚ್ಚಿದ ಪಂಚೆ ಹಿಡಿದು ಬಂದು ನಮ್ಮೆದುರಿಗೇ ಪರ್ರನೆ ಹರಿದರು.

“ನೀರ್ ತಿಳಿ ಆಯ್ತ್ ಅಂದ್ ಬೂದಿ ಹೋಯ್ತ್ ಅಂದ್ ಹೇಳುಕಾತ್ತಿಲ್ಲೆ. ತುಪ್ಪ ಸೋಸಿದ್ ನಂಗೆ ಗೊತ್ತಿತ್ತ್. ಬಿಸಿ ಎಣ್ಣೆ ಹಾಕಿ ಇದ್ರಲ್ಲಿ ಸೋಸ್ ಮಾಣಿ. ಮಡಿಗಂತೂ ಆತಿಲ್ಲೆ, ಮೋಟ್ರಿಗಾರೂ ಆಯ್ಲಿ.”

ಇಂಜಿನ್ ಆಯಿಲನ್ನು ಬೆಚ್ಚಗೆ ಮಾಡಿ ಕಾಲುವೆಗಳಲ್ಲಿ ಹರಿಸಿ, ಬಂದ ಎಣ್ಣೆಯನ್ನು ಬಿಳಿ ಪಂಚೆಯ ತುಂಡಿನಲ್ಲಿ ಸೋಸಿದೆವು. ಮೊದಲ ತುಂಡಿನಲ್ಲಿ ಬೂದಿಯ ಕಣಗಳು ಕಪ್ಪು ಎಳ್ಳಿನಂತೆ ಕೂತಿದ್ದವು. ನೀರಿಗೆ ಹೆದರದ ಕಣಗಳು ಎಣ್ಣೆಗೆ ಹೊರಬಂದಿದ್ದವು. ಐತಾಳರು ತುಂಡಿನ ಮೇಲೆ ತುಂಡು ಹರಿದರು. ಪಂಚೆ ಮುಗಿಯುತ್ತ ಬಂತು. ಕೊನೆಗೆ ಒಂದು ತುಂಡನ್ನು ಐತಾಳರು ಬಿಸಿಲಿಗೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರು, ಮೇಸ್ತ್ರಿಯ ಕೈಗೆ ಕೊಟ್ಟರು. ಮೇಸ್ತ್ರಿಯೂ ನೋಡಿದರು. ಎಣ್ಣೆಯ ಹಳದಿ ಬಿಟ್ಟು ಏನೂ ಇರಲಿಲ್ಲ.

“ಸಾಮಿ, ಉಂಗ ವೇಟ್ಟಿ ಇಂಜಿನುಕ್ಕೇ ಪೋಚ್ಚು” ಎಂದರು ಮೇಸ್ತ್ರಿ. ನಿಮ್ಮ ಪಂಚೆ ಇಂಜಿನ್ನಿಗೇ ಹೋಯಿತಲ್ಲ ಎಂದು. ಐತಾಳರಿಗೆ ತಮಿಳು ಅಷ್ಟಕ್ಕಷ್ಟೆ, ಆದರೂ ನಕ್ಕರು. ಆವತ್ತು ಮೇಸ್ತ್ರಿಗೆ ಹಿತ್ತಿಲಿಗೇ ಬಿಸಿ ಕಾಫಿ ಬಂತು, ಐತಾಳರೇ ತಂದುಕೊಟ್ಟರು.

ಶಾಲೆ ತೆರೆಯುವ ದಿನ ಬೆಳಿಗ್ಗೆ ನಾನು ಸೈಕಲ್ಲಿನಲ್ಲಿ ತಿರುವಲ್ಲಿಕ್ಕೇಣಿಗೆ ಹೋದೆ. ಕೆಲಸ ಮುಗಿದಿತ್ತು, ಹೋಗುವ ಅಗತ್ಯವಿರಲಿಲ್ಲ, ಮನಸ್ಸು ತಡೆಯಲಿಲ್ಲ. ಸುಶೀಲಮ್ಮ ಸೈಡ್‌ಕಾರಿನಲ್ಲಿ ಕೂತಿದ್ದರು, ಊರುಗೋಲು ಪಕ್ಕದಲ್ಲಿ. ರಾಯರ ತಂದೆ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ರಾಯರು ಇಂಜಿನ್ ಚಾಲೂ ಮಾಡಿದರು. ಗಂಭೀರವಾಗಿ ಸಮವಾಗಿ ಬಡಿಯಿತು. ಇನ್ನೇನು ಹೊರಡಬೇಕು, ರಾಯರ ಕೈ ಅಭ್ಯಾಸಬಲದಿಂದ ಸ್ಪಾನರಿಗೆ ಹೋಯಿತು. ಬಗ್ಗಿ ಮುಚ್ಚಳದ ಮೇಲೆ ಇಟ್ಟೇಬಿಟ್ಟರು.

“ಒಂದೇ ಒಂದು ಎಳೆತ, ಸೇಫ್ಟಿಗೆ” ಎಂದರು ನನ್ನ ಮುಖ ನೋಡಿ.

ನಾನು ಬಾಯಿ ತೆರೆಯುವ ಮೊದಲೇ ಸುಶೀಲಮ್ಮ ಕೈ ಚಾಚಿದರು. “ಕೊಡಿ ಇಲ್ಲಿ.”

“ಅಲ್ಲ ಕಣೇ...”

“ಕೊಡಿ ಅಂದ್ರೆ ಕೊಡಿ. ಇಷ್ಟು ಜನ ಸೇರಿ ಕೂರಿಸಿದ್ದಾರೆ, ಅದು ಕೂತಿರುತ್ತೆ. ನೀವೂ ಸುಮ್ನೆ ಕೂತ್ಕೊಳ್ಳಿ.”

ರಾಯರ ಕೈಯಿಂದ ಸ್ಪಾನರ್ ತೆಗೆದುಕೊಂಡು ಉತ್ತರ ಪತ್ರಿಕೆಗಳ ಚೀಲದಲ್ಲಿ ಹಾಕಿಕೊಂಡರು. ಗಾಡಿ ಹೊರಟಿತು. ನಾನು ಹಿಂದೆಯೇ ಸೈಕಲ್ ತುಳಿದೆ, ಕೀಲ್ಪಾಕ್ ಮುಟ್ಟುವಷ್ಟರಲ್ಲಿ ಉಸಿರು ಕಟ್ಟಿತ್ತು. ಶಾಲೆಯ ಗೇಟಿನ ಹತ್ತಿರ ಆ ಗಾಡಿ ನಿಲ್ಲುವ ಜಾಗದಲ್ಲಿ ವರ್ಷಗಳಿಂದ ಎಣ್ಣೆ ಬಿದ್ದು ನೆಲ ಕಪ್ಪಾಗಿತ್ತು. ಕಾವಲುಗಾರ ದಿನಾ ಬೈಯುತ್ತ ಮರಳು ಹಾಕುತ್ತಿದ್ದನಂತೆ. ಆವತ್ತೂ ಹೊಸ ಮರಳು ಹಾಕಿ ಕಾಯುತ್ತಿದ್ದ. ಗಾಡಿ ಹೋದ ಮೇಲೆ ನಾನು ಬಗ್ಗಿ ನೋಡಿದೆ. ಮರಳು ಹಾಗೇ ಇತ್ತು, ಒಂದು ಹನಿ ಇರಲಿಲ್ಲ. ಒಳಗಿನಿಂದ ಹುಡುಗಿಯರು ಒಟ್ಟಿಗೆ ಎದ್ದು ನಿಂತು ಟೀಚರಿಗೆ ವಣಕ್ಕಂ ಹೇಳಿದ್ದು ಕೇಳಿಸಿತು.

ಆಮೇಲೆ ಕಾಲ ಬದಲಾಯಿತು. ಹಾಳಾದ ಥ್ರೆಡ್ಡಿಗೆ ತಂತಿಯ ಸುರುಳಿ ಬಂತು. ತೂತಿಗೆ ತಿರುಗಿಸಿದರೆ ಹೊಸ ಥ್ರೆಡ್ ಸಿದ್ಧ, ಕಾಫಿ ಕುಡಿಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಎಷ್ಟು ಬಿಗಿ ಮಾಡಬೇಕೆಂದು ತಾನೇ ತೋರಿಸುವ ಸ್ಪಾನರೂ ಬಂತು. ಅಂಬತ್ತೂರಿನ ಕಾರ್ಖಾನೆಗಳಲ್ಲಿ ಯಂತ್ರಗಳೇ ಕವಚ ಬಿಸಿ ಮಾಡಿ ಯಂತ್ರಗಳೇ ಬಳೆ ಕೂರಿಸುವುದನ್ನು ನಾನು ನೋಡಿದ್ದೇನೆ. ಒಳ್ಳೆಯದೇ ಆಯಿತು, ಅದನ್ನು ಕಂಡರೂ ನನಗೆ ಬೆರಗೇ. ಆದರೆ ಹುಡುಗರೇ, ಯಂತ್ರ ಎಷ್ಟೇ ಬರಲಿ, ಒಂದು ಮಾತು ನೆನಪಿರಲಿ. ಸಡಿಲ ಬಿಟ್ಟು ಹಾಳಾದ ಥ್ರೆಡ್ಡಿಗಿಂತ ಬಿಗಿ ಮಾಡಿ ಹಾಳಾದ ಥ್ರೆಡ್ಡುಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಬಿಗಿ ಮಾಡಿದವರೆಲ್ಲ ಒಳ್ಳೆಯವರೇ.

ರಾಯರ ಗಾಡಿಯ ಆ ಬಳೆ ಮತ್ತೆ ಅಲುಗಲಿಲ್ಲ. ಫಿಲ್ಟರ್ ಬದಲಿಸುವ ಸಮಯ ಬಂದಾಗಲೆಲ್ಲ ನಾನು ಮನೆಗೇ ಹೋಗಬೇಕಿತ್ತು, ಸುಶೀಲಮ್ಮನ ಹತ್ತಿರ ಸ್ಪಾನರ್ ಕೇಳಿ ತೆಗೆದುಕೊಂಡು, ಕೆಲಸ ಮುಗಿಸಿ ವಾಪಸು ಕೊಡಬೇಕಿತ್ತು. ಅವರು ಶಾಲೆಯಿಂದ ನಿವೃತ್ತರಾದ ವಾರ ಹೇಳಿ ಕಳಿಸಿದರು. ಹೋದೆ. ಗಾಡಿ ಅಂಗಳದಲ್ಲಿ ನಿಂತಿತ್ತು, ರಾಯರು ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ಇಬ್ಬರಿಗೂ ವಯಸ್ಸಾಗಿತ್ತು. ಸುಶೀಲಮ್ಮ ಚೀಲದಿಂದ ಸ್ಪಾನರ್ ತೆಗೆದು ನನ್ನ ಕೈಯಲ್ಲಿಟ್ಟರು.

“ಇನ್ನು ನನಗೆ ಶಾಲೆ ಇಲ್ಲ. ಇದು ನಿಮ್ಮ ಹತ್ತಿರ ಇರಲಿ ಶ್ರೀನಿವಾಸ. ಯಾರು ಕೇಳಿದ್ರೂ ಕೊಡಿ, ಇವರಿಗೆ ಮಾತ್ರ ಕೊಡಬೇಡಿ.”

ರಾಯರು ತಲೆ ತಗ್ಗಿಸಿ ನಗುತ್ತಿದ್ದರು. ನಾನು ಗೇಟು ದಾಟುವಾಗ ಹಿಂದಿನಿಂದಲೇ ಬಂದು, ಹೆಂಡತಿಗೆ ಕೇಳಿಸದಂತೆ, “ಸೋರ್ತಾ ಇಲ್ಲ ತಾನೇ?” ಎಂದು ಕೇಳಿದರು.